ಮ್ಯುಟೇಶನ್ ಇದ್ದ ಮಾತ್ರಕ್ಕೆ ಕ್ಯಾನ್ಸರ್ ಅಲ್ಲ

ವಯಸ್ಸಾದವರಲ್ಲಿ ಕಣ್ಣಿನ ಮೇಲ್ರೆಪ್ಪೆ ಜೋತುಬಿದ್ದು ನೋಟಕ್ಕೆ ಅಡ್ಡ ಬರುವುದುಂಟು. ಆಗ ಶಸ್ತ್ರಚಿಕಿತ್ಸಕರು ಹೆಚ್ಚಾದ ಚರ್ಮವನ್ನು ಕತ್ತರಿಸಿ ತೆಗೆಯುತ್ತಾರೆ. ಕಸಕ್ಕೆ ಹೋಗಬೇಕಿದ್ದ ಅಂಥ ಚರ್ಮವನ್ನು ಇಂಗ್ಲೆಂಡಿನ ಕೇಂಬ್ರಿಜ್ ಬಳಿಯ ವೆಲ್‌ಕಮ್ ಸ್ಯಾಂಗರ್ ಸಂಸ್ಥೆಯವರು ನಾಲ್ವರಿಂದ ಪಡೆದು, 234 ಸಣ್ಣ ಚೂರುಗಳಾಗಿ ಬಿಡಿಸಿ, ಒಂದೊಂದು ಚೂರಿನ ಡಿಎನ್‌ಎಯನ್ನೂ ಓದಿದರು. ಚರ್ಮ ನೋಡಲಿಕ್ಕೆ ನಿರೋಗಿ. ಆದರೆ 2015ರಲ್ಲಿ ಹೊರಬಂದ ಫಲಿತಾಂಶ ಕ್ಯಾನ್ಸರ್ ಸಂಶೋಧಕರನ್ನೇ ತಬ್ಬಿಬ್ಬುಗೊಳಿಸಿತು. ಆ ಚರ್ಮದ ಜೀವಕೋಶಗಳ ಪೈಕಿ ಶೇ. 18ರಿಂದ 32ರಷ್ಟರಲ್ಲಿ, ಕ್ಯಾನ್ಸರ್ ಗಡ್ಡೆಗಳಲ್ಲಿ ಸಿಗುವಂಥವೇ ಮ್ಯುಟೇಶನ್‌ಗಳು, ಅಂದರೆ ಡಿಎನ್‌ಎ ಬರಹದ ತಪ್ಪುಗಳು, ಇದ್ದವು. ಒಂದು ಚದರ ಸೆಂಟಿಮೀಟರಿಗೆ ನೂರಕ್ಕೂ ಹೆಚ್ಚು. ಜೀನ್‌ನಲ್ಲಿ ತಪ್ಪಾಯಿತು, ಕೋಶ ಹದ್ದು ಮೀರಿ ಬೆಳೆಯಿತು, ಕ್ಯಾನ್ಸರ್ ಬಂತು ಎಂದು ಶಾಲೆಯ ಪುಸ್ತಕದಿಂದ ಆಸ್ಪತ್ರೆಯ ಗೋಡೆಯ ತನಕ ಎಲ್ಲ ಕಡೆ ಹೇಳಿಕೊಂಡು ಬಂದಿದ್ದೇವೆ. ಅದು ಸುಳ್ಳಲ್ಲ, ಆದರೆ ಅರ್ಧ. ಮ್ಯುಟೇಶನ್ ಇಲ್ಲದೆ ಕ್ಯಾನ್ಸರ್ ಇಲ್ಲವೆಂಬುದು ಹೆಚ್ಚುಕಡಿಮೆ ಖಚಿತ. ಮ್ಯುಟೇಶನ್ ಇದ್ದಲ್ಲೆಲ್ಲ ಕ್ಯಾನ್ಸರ್ ಇರುವುದಿಲ್ಲ ಎಂಬುದು ಈಗ ಅಷ್ಟೇ ಖಚಿತ. ಈ ಎರಡರ ನಡುವಿನ ಅಂತರದಲ್ಲಿ ಏನು ನಡೆಯುತ್ತದೆ ಎಂಬುದೇ ಇವತ್ತಿನ ದೊಡ್ಡ ಪ್ರಶ್ನೆ. ನಾವು ಮಾಡಬಹುದಾದದ್ದು ಇರುವುದೂ ಬಹುಮಟ್ಟಿಗೆ ಅಲ್ಲಿಯೇ.

ನಮ್ಮ ಒಂದೊಂದು ಕೋಶದಲ್ಲೂ ತಾಯಿಯಿಂದ 300 ಕೋಟಿ, ತಂದೆಯಿಂದ 300 ಕೋಟಿ ಅಕ್ಷರಗಳ ಡಿಎನ್‌ಎ ಇರುತ್ತದೆ. ಕೋಶ ಎರಡಾಗುವಾಗ ಅಷ್ಟನ್ನೂ ನಕಲು ಮಾಡಬೇಕು. ನಕಲು ಮಾಡುವ ಕಿಣ್ವಗಳೂ ಅದನ್ನು ತಿದ್ದುವ ಕಿಣ್ವಗಳೂ ಎಷ್ಟು ಚುರುಕಾಗಿದ್ದರೂ ಕೆಲವು ತಪ್ಪು ಉಳಿದುಬಿಡುತ್ತವೆ. ಬಿಸಿಲಿನ ಅತಿನೇರಳೆ ಕಿರಣ, ತಂಬಾಕಿನ ಹೊಗೆ, ಉಸಿರಾಟದಲ್ಲಿ ಕೋಶದೊಳಗೇ ಹುಟ್ಟುವ ರಾಸಾಯನಿಕಗಳು ಇನ್ನಷ್ಟು ತಪ್ಪುಗಳನ್ನು ಸೇರಿಸುತ್ತವೆ. ಮನುಷ್ಯರ ದೊಡ್ಡ ಕರುಳಿನ ಒಳಪದರದ ಒಂದು ಕಾಂಡಕೋಶ ವರ್ಷಕ್ಕೆ ಸುಮಾರು 47 ಮ್ಯುಟೇಶನ್ ಗಳಿಸುತ್ತದೆ, ಇಲಿಯದು ಸುಮಾರು 800. 2022ರಲ್ಲಿ 16 ಜಾತಿಯ ಸಸ್ತನಿಗಳನ್ನು ಹೋಲಿಸಿದಾಗ ಕಂಡ ವಿಚಿತ್ರವೆಂದರೆ, ಎರಡು ಮೂರು ವರ್ಷ ಬದುಕುವ ಇಲಿಯಾಗಲಿ ಎಂಬತ್ತು ವರ್ಷ ಬದುಕುವ ಮನುಷ್ಯನಾಗಲಿ, ಆಯಸ್ಸಿನ ಕೊನೆಯ ಹೊತ್ತಿಗೆ ಆ ಕೋಶದಲ್ಲಿ ಕೂಡಿದ ಮ್ಯುಟೇಶನ್‌ಗಳ ಲೆಕ್ಕ ಹೆಚ್ಚು ಕಡಿಮೆ ಒಂದೇ ಆಸುಪಾಸಿನಲ್ಲಿರುತ್ತದೆ, ಮೂರು ಸಾವಿರ ಚಿಲ್ಲರೆ. ಇವುಗಳಲ್ಲಿ ಬಹುಪಾಲು ಯಾವ ಕೆಲಸಕ್ಕೂ ಬಾರದ ಜಾಗದಲ್ಲಿ ಬಿದ್ದು ಸುಮ್ಮನಿರುತ್ತವೆ. ಎಲ್ಲೋ ಒಂದೆರಡು ಮಾತ್ರ ಕೋಶಕ್ಕೆ ‘ಬೆಳೆ’ ಎನ್ನುವ ಜೀನ್‌ಗಳಲ್ಲೋ ‘ಸಾಕು’ ಎನ್ನುವ ಜೀನ್‌ಗಳಲ್ಲೋ ಬೀಳುತ್ತವೆ. ತೊಂದರೆ ಶುರುವಾಗುವುದು ಅವುಗಳಿಂದ.

ಮ್ಯುಟೇಶನ್ ಸಿದ್ಧಾಂತ ಎಷ್ಟು ಗಟ್ಟಿ ಎಂಬುದನ್ನು ಮೊದಲು ಒಪ್ಪಿಕೊಂಡೇ ಮುಂದೆ ಹೋಗಬೇಕು. ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲಜೀವಿಯ ಮೊಟ್ಟೆಗಳನ್ನು ನೋಡುತ್ತಿದ್ದ ಜರ್ಮನಿಯ ಥಿಯೊಡೋರ್ ಬೊವೇರಿ, ವರ್ಣತಂತುಗಳ ಏರುಪೇರಿನಿಂದಲೇ ಗಡ್ಡೆ ಹುಟ್ಟಬಹುದೆಂದು 1914ರಲ್ಲೇ ಬರೆದಿದ್ದ. ಅದಕ್ಕೆ ಕಣ್ಣಾರೆ ಕಾಣುವ ಸಾಕ್ಷಿ ಸಿಕ್ಕಿದ್ದು 1960ರಲ್ಲಿ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್, ದೀರ್ಘಕಾಲಿಕ ಮೈಲಾಯ್ಡ್ ಲುಕೇಮಿಯಾ ಎಂಬ ರಕ್ತದ ಕ್ಯಾನ್ಸರ್ ಇದ್ದವರಲ್ಲಿ ಅಸಹಜವಾಗಿ ಗಿಡ್ಡಾದ ಒಂದು ವರ್ಣತಂತುವನ್ನು ಕಂಡರು. ಒಂಬತ್ತನೆಯ ಮತ್ತು ಇಪ್ಪತ್ತೆರಡನೆಯ ವರ್ಣತಂತುಗಳು ತುಣುಕು ಅದಲುಬದಲು ಮಾಡಿಕೊಂಡದ್ದರಿಂದ ಹೀಗಾಗಿದೆ ಎಂದು 1973ರಲ್ಲಿ ಜಾನೆಟ್ ರೌಲಿ ತೋರಿಸಿದರು. ಆ ಅದಲುಬದಲಿನಲ್ಲಿ ಎರಡು ಜೀನ್‌ಗಳು ಕೂಡಿಕೊಂಡು, ಎಂದೂ ಆರದ ಒಂದು ಕಿಣ್ವ ಹುಟ್ಟುತ್ತದೆ. ಬಿಳಿ ರಕ್ತಕಣಗಳು ನಿಲ್ಲದೆ ಹೆಚ್ಚುತ್ತವೆ. ಆ ಕಿಣ್ವವನ್ನೇ ಕಟ್ಟಿಹಾಕುವ ಇಮ್ಯಾಟಿನಿಬ್ ಮಾತ್ರೆ 2001ರಲ್ಲಿ ಬಂತು. ಅಲ್ಲಿಯವರೆಗೆ ಕೆಲವೇ ವರ್ಷಗಳ ಆಯಸ್ಸು ಹೇಳುತ್ತಿದ್ದ ರೋಗದಲ್ಲಿ, ದಿನವೂ ಮಾತ್ರೆ ನುಂಗುತ್ತ ಬಹಳಷ್ಟು ಜನ ಈಗ ಉಳಿದವರಂತೆಯೇ ಬದುಕುತ್ತಿದ್ದಾರೆ. (ಭಾರತದಲ್ಲಿ ತಿಂಗಳಿಗೆ ಲಕ್ಷ ರೂಪಾಯಿ ಮೀರುತ್ತಿದ್ದ ಈ ಔಷಧಿಯ ಪೇಟೆಂಟ್ ಅರ್ಜಿಯನ್ನು ಸುಪ್ರೀಂ ಕೋರ್ಟ್ 2013ರಲ್ಲಿ ತಳ್ಳಿಹಾಕಿದ್ದರಿಂದ, ಅದರ ಹತ್ತನೇ ಒಂದು ಪಾಲಿಗೂ ಕಡಿಮೆ ಬೆಲೆಯ ದೇಶೀ ಮಾತ್ರೆಗಳು ಉಳಿದುಕೊಂಡವು. ಒಂದು ಆವಿಷ್ಕಾರ ರೋಗಿಯ ಕೈಗೆ ತಲುಪಲು ಪ್ರಯೋಗಾಲಯವೊಂದೇ ಸಾಲದು.) ಈ ನಡುವೆ 1982ರಲ್ಲಿ, ಮನುಷ್ಯರ ಮೂತ್ರಕೋಶದ ಕ್ಯಾನ್ಸರ್ ಕೋಶದಲ್ಲಿ ‘ರಾಸ್’ ಎಂಬ ಜೀನ್‌ನ ಒಂದೇ ಒಂದು ಅಕ್ಷರ ಬದಲಾಗಿ ಅದು ಅಪಾಯಕಾರಿಯಾಗಿದೆ ಎಂದು ಅಮೆರಿಕದ ಹಲವು ತಂಡಗಳು ಬೇರೆಬೇರೆಯಾಗಿ ಸಾಬೀತುಮಾಡಿದ್ದವು. ಕಾರಣ ತೋರಿಸಿ, ಆ ಕಾರಣವನ್ನು ತಡೆದು, ರೋಗ ಇಳಿದದ್ದನ್ನೂ ತೋರಿಸಿದ ಮೇಲೆ ಇದಕ್ಕಿಂತ ಹೆಚ್ಚಿನ ಪುರಾವೆ ಕೇಳುವುದು ಹಟವಾಗುತ್ತದೆ.

ಆದರೆ ಇದೇ ಸಿದ್ಧಾಂತದ ಒಡಲಲ್ಲೇ ಅದರ ಮಿತಿಯ ಸುಳಿವೂ ಇತ್ತು. ಚಿಕ್ಕ ಮಕ್ಕಳ ಕಣ್ಣಿನ ಅಕ್ಷಿಪಟಲದಲ್ಲಿ ಬರುವ ರೆಟಿನೊಬ್ಲಾಸ್ಟೋಮಾ ಎಂಬ ಕ್ಯಾನ್ಸರಿನ 48 ಪ್ರಕರಣಗಳನ್ನು ಆಲ್ಫ್ರೆಡ್ ನಡ್ಸನ್ ಅಭ್ಯಾಸ ಮಾಡಿ 1971ರಲ್ಲಿ ಒಂದು ಪ್ರಬಂಧ ಪ್ರಕಟಿಸಿದ. ಮನೆತನದಲ್ಲಿ ರೋಗವಿದ್ದ ಮಕ್ಕಳಿಗೆ ಬೇಗ, ಅನೇಕ ಸಲ ಎರಡೂ ಕಣ್ಣಿಗೆ ಬರುತ್ತದೆ. ಉಳಿದವರಿಗೆ ತಡವಾಗಿ, ಒಂದೇ ಕಣ್ಣಿಗೆ. ಬೆಳವಣಿಗೆಯನ್ನು ತಡೆಯುವ ಜೀನ್‌ಗೆ ತಂದೆಯಿಂದೊಂದು ತಾಯಿಯಿಂದೊಂದು ಹೀಗೆ ಎರಡು ಪ್ರತಿಗಳಿರುತ್ತವೆ, ಎರಡೂ ಕೆಟ್ಟರೆ ಮಾತ್ರ ಗಡ್ಡೆ ಏಳುತ್ತದೆ, ಮನೆತನದ ಮಕ್ಕಳು ಒಂದು ಕೆಟ್ಟ ಪ್ರತಿಯನ್ನು ಹುಟ್ಟುವಾಗಲೇ ಹೊತ್ತು ತಂದಿರುತ್ತಾರೆ ಎಂಬುದು ಅವನ ವಾದ. ಆ ಜೀನ್ 1986ರಲ್ಲಿ ಸಿಕ್ಕಿತು, ವಾದ ನಿಜವಾಯಿತು. ಆದರೆ ಅವನ ಲೆಕ್ಕದ ಇನ್ನೊಂದು ಸಾಲನ್ನು ಅಷ್ಟಾಗಿ ಯಾರೂ ನೆನೆಯುವುದಿಲ್ಲ. ಅಂಥ ಮಗುವಿನ ಎರಡೂ ಅಕ್ಷಿಪಟಲಗಳ ಪ್ರತಿಯೊಂದು ಕೋಶದಲ್ಲೂ ಆ ಮೊದಲ ಮ್ಯುಟೇಶನ್ ಇದ್ದೇ ಇರುತ್ತದೆ. ಕೋಟ್ಯಂತರ ಕೋಶಗಳು. ಅವುಗಳಿಂದ ಏಳುವ ಗಡ್ಡೆಗಳು ಮಾತ್ರ ಸರಾಸರಿ ಮೂರು. ಇತ್ತ ಲುಕೇಮಿಯಾದ ಆ ಕೂಡಿಕೊಂಡ ಜೀನ್ ಕೂಡ, ಸೂಕ್ಷ್ಮ ಪರೀಕ್ಷೆಗಳು ಬಂದ ಮೇಲೆ, ಯಾವ ರೋಗವೂ ಇಲ್ಲದ ಎಷ್ಟೋ ಜನರ ರಕ್ತದಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಕಾಣಿಸಿಕೊಂಡಿದೆ. ಬ್ರಿಟನ್ನಿನ ಪೀಟರ್ ಆರ್ಮಿಟೇಜ್ ಮತ್ತು ರಿಚರ್ಡ್ ಡಾಲ್ 1954ರಲ್ಲೇ ಸಾವಿನ ಅಂಕಿಅಂಶಗಳನ್ನಿಟ್ಟುಕೊಂಡು ಲೆಕ್ಕಹಾಕಿದ್ದರು: ಹಲವು ಕ್ಯಾನ್ಸರ್‌ಗಳ ಪ್ರಮಾಣ ವಯಸ್ಸಿನ ಸುಮಾರು ಆರನೇ ಘಾತಕ್ಕೆ ಅನುಗುಣವಾಗಿ ಏರುತ್ತದೆ, ಅಂದರೆ ವಯಸ್ಸು ಇಮ್ಮಡಿಯಾದರೆ ರೋಗದ ಸಂಭವ ಅರವತ್ತು ಪಟ್ಟು ಮೀರುತ್ತದೆ. ಒಂದೇ ಹೆಜ್ಜೆಯಲ್ಲಿ ಬರುವ ರೋಗ ಹೀಗೆ ಏರುವುದಿಲ್ಲ. ಹಲವು ಹೆಜ್ಜೆ ಬೇಕು, ಪ್ರತಿ ಹೆಜ್ಜೆಗೂ ವರ್ಷಗಟ್ಟಲೆ ಕಾಲ ಬೇಕು. ಪ್ರತಿ ಹೆಜ್ಜೆಯ ನಡುವೆ ಆ ಕೋಶ ತನ್ನ ನೆರೆಯ ಕೋಶಗಳನ್ನು ಒತ್ತಿಕೊಂಡು ಹರಡಿರಲೂ ಬೇಕು.

ಈ ಒತ್ತಾಟವನ್ನು ಚೆನ್ನಾಗಿ ತೋರಿಸಿಕೊಟ್ಟದ್ದು ಅನ್ನನಾಳ. ರೆಪ್ಪೆಯ ಚರ್ಮದ ಮೇಲಾದರೆ ಬಿಸಿಲು ಬೀಳುತ್ತದೆ, ಅನ್ನನಾಳಕ್ಕೆ ಬಿಸಿಲೆಲ್ಲಿ? ಆದರೂ 2018ರಲ್ಲಿ ಅದೇ ಸಂಸ್ಥೆಯವರು ಪರೀಕ್ಷಿಸಿದಾಗ, ನಡುವಯಸ್ಸು ಕಳೆಯುವ ಹೊತ್ತಿಗೆ ಆರೋಗ್ಯವಂತರ ಅನ್ನನಾಳದ ಅರ್ಧಕ್ಕೂ ಹೆಚ್ಚು ಭಾಗವನ್ನು ಮ್ಯುಟೇಶನ್ ಹೊತ್ತ ಕೋಶಗಳ ವಂಶಗಳೇ ಆವರಿಸಿಕೊಂಡಿದ್ದವು. ಅದರಲ್ಲೂ ‘ನಾಚ್1’ ಎಂಬ ಜೀನ್ ಕೆಟ್ಟ ಕೋಶಗಳದ್ದೇ ಮೇಲುಗೈ. ತಮಾಷೆಯೆಂದರೆ ಅನ್ನನಾಳದ ಕ್ಯಾನ್ಸರ್ ಗಡ್ಡೆಗಳಲ್ಲಿ ನಾಚ್1 ಮ್ಯುಟೇಶನ್ ಅಷ್ಟು ಸಾಮಾನ್ಯವಲ್ಲ. ನಿರೋಗಿ ಅಂಗಾಂಶದಲ್ಲೇ ಅದು ಹೆಚ್ಚು. ಅಂದರೆ ನಾವು ಕ್ಯಾನ್ಸರಿನ ಜೀನ್ ಎಂದು ಪಟ್ಟಿಮಾಡಿಕೊಂಡದ್ದರ ಒಂದು ರೂಪಾಂತರ, ಅಕ್ಕಪಕ್ಕದಲ್ಲಿ ಹೆಚ್ಚು ಅಪಾಯಕಾರಿ ಕೋಶ ತಲೆಯೆತ್ತದಂತೆ ಜಾಗ ಹಿಡಿದು ಕೂತಿರಬಹುದು. 2021ರಲ್ಲಿ ಪ್ರಕಟವಾದ ಇಲಿಗಳ ಮೇಲಿನ ಪ್ರಯೋಗ ಇದನ್ನೇ ಹೇಳುತ್ತದೆ: ಅನ್ನನಾಳದಲ್ಲಿ ಆಗಷ್ಟೇ ಮೊಳೆತ ಸಣ್ಣ ಗಡ್ಡೆಗಳಲ್ಲಿ ಬಹಳಷ್ಟು ತಾವಾಗಿಯೇ ಕಾಣೆಯಾದವು, ಸುತ್ತಲಿನ ಬೇರೆ ಮ್ಯುಟೇಶನ್ ಹೊತ್ತ ಕೋಶಗಳು ಅವನ್ನು ಹೊರದೂಡಿದ್ದವು. ಹೀಗೆ ನೋಡಿದರೆ ಕ್ಯಾನ್ಸರ್ ಎಂಬುದು ಕೆಟ್ಟ ಜೀನ್ ಒಂದರ ಕಥೆಯಲ್ಲ. ಡಾರ್ವಿನ್ ಕಾಡಿನಲ್ಲಿ, ದ್ವೀಪಗಳಲ್ಲಿ ಕಂಡ ಪೈಪೋಟಿ ಒಂದು ದೇಹದ ಒಳಗೇ, ಒಬ್ಬನ ಆಯಸ್ಸಿನ ಅವಧಿಯಲ್ಲಿ ನಡೆಯುತ್ತದೆ. ಮ್ಯುಟೇಶನ್ ಅದಕ್ಕೆ ಹುರಿಯಾಳುಗಳನ್ನು ಒದಗಿಸುತ್ತದಷ್ಟೆ. ಗೆಲ್ಲುವವರಾರು ಎಂಬುದನ್ನು ತೀರ್ಮಾನಿಸುವುದು ಅಂಗಾಂಶದ ಸ್ಥಿತಿ.

ಈ ಮಾತಿಗೆ ಹಳೆಯ ಪುರಾವೆಯೊಂದಿದೆ. ಅದರಲ್ಲಿ ನಮ್ಮ ನಾಟಿ ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ವಸ್ತುವೊಂದು ಪಾತ್ರ ವಹಿಸಿದೆ. ಬೇಧಿಗೆ ಕೊಡುತ್ತಿದ್ದ, ಅಳತೆ ತಪ್ಪಿದರೆ ಜೀವಕ್ಕೇ ಸಂಚಕಾರ ತರುವ ಜಾಪಾಳದ ಬೀಜದ ಎಣ್ಣೆ ಅದು. 1940ರ ದಶಕದಲ್ಲಿ ಐಸಾಕ್ ಬೆರೆನ್‌ಬ್ಲಮ್ ಮತ್ತು ಫಿಲಿಪ್ ಶುಬಿಕ್ ಇಲಿಗಳ ಬೆನ್ನಿಗೆ ಮ್ಯುಟೇಶನ್ ಉಂಟುಮಾಡುವ ರಾಸಾಯನಿಕವನ್ನು ಒಂದೇ ಒಂದು ಸಲ, ಅದೂ ಅತಿ ಕಡಿಮೆ ಪ್ರಮಾಣದಲ್ಲಿ ಸವರಿದರು. ಏನೂ ಆಗಲಿಲ್ಲ. ಆಮೇಲೆ ಅದೇ ಜಾಗಕ್ಕೆ ಜಾಪಾಳದ ಎಣ್ಣೆಯನ್ನು ಮತ್ತೆ ಮತ್ತೆ ಹಚ್ಚಿದಾಗ ಗಡ್ಡೆಗಳೆದ್ದವು. ಎಣ್ಣೆ ಹಚ್ಚುವುದನ್ನು ತಿಂಗಳುಗಟ್ಟಲೆ ತಡಮಾಡಿ ಶುರುಮಾಡಿದರೂ ಗಡ್ಡೆಗಳೆದ್ದವು. ಬರೀ ಎಣ್ಣೆ ಹಚ್ಚಿದ್ದರೆ, ಅಥವಾ ಮೊದಲು ಎಣ್ಣೆ ಹಚ್ಚಿ ಆಮೇಲೆ ರಾಸಾಯನಿಕ ಸವರಿದ್ದರೆ ಇಷ್ಟಾಗುತ್ತಿರಲಿಲ್ಲ. ಜಾಪಾಳದ ಎಣ್ಣೆ ಡಿಎನ್‌ಎಯನ್ನು ಬದಲಿಸುವುದಿಲ್ಲ. ಅದು ಚರ್ಮವನ್ನು ಸುಟ್ಟು, ಕೆರಳಿಸಿ, ಉರಿಯೂತ ತರುತ್ತದೆ. ಗಾಯ ಮಾಯಿಸಲು ಕೋಶಗಳು ಬೇಗಬೇಗ ವಿಭಜಿಸುತ್ತವೆ. ಆ ಗಡಿಬಿಡಿಯಲ್ಲಿ, ತಿಂಗಳುಗಟ್ಟಲೆ ಸುಮ್ಮನೆ ಬಿದ್ದಿದ್ದ ಮ್ಯುಟೇಶನ್ ಹೊತ್ತ ಕೋಶಕ್ಕೆ ಅವಕಾಶ ಸಿಗುತ್ತದೆ. ಕಳೆಯ ಬೀಜ ಎಲ್ಲರ ಹೊಲದಲ್ಲೂ ಇರುತ್ತದೆ, ಅದು ಎದ್ದು ಬೆಳೆಯುವುದು ಮಣ್ಣು ಕದಡಿದಾಗ.

ಇಲಿಯ ಬೆನ್ನಿನ ಈ ಪಾಠಕ್ಕೂ ಮನುಷ್ಯನಿಗೂ ಏನು ಸಂಬಂಧ ಎಂದು ಬಹಳ ವರ್ಷ ಅನುಮಾನವಿತ್ತು. ಸಿಗರೇಟನ್ನೇ ಮುಟ್ಟದವರಿಗೆ ಬರುವ ಶ್ವಾಸಕೋಶದ ಕ್ಯಾನ್ಸರ್ ಅದನ್ನು ಬಗೆಹರಿಸಲು ನೆರವಾಯಿತು. ಲಂಡನ್ನಿನ ಚಾರ್ಲ್ಸ್ ಸ್ವಾಂಟನ್ ಅವರ ತಂಡ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಾಳಿಯಲ್ಲಿ ಪಿಎಂ2.5 ಎಂಬ ಸೂಕ್ಷ್ಮ ದೂಳು ಹೆಚ್ಚಾದಂತೆ ಇಜಿಎಫ್‌ಆರ್ ಜೀನ್ ಕೆಟ್ಟ ಬಗೆಯ ಶ್ವಾಸಕೋಶ ಕ್ಯಾನ್ಸರ್ ಹೆಚ್ಚುವುದು ಇಂಗ್ಲೆಂಡ್, ದಕ್ಷಿಣ ಕೊರಿಯಾ, ತೈವಾನ್ ಮೂರರಲ್ಲೂ ಕಂಡಿತು. ದೂಳು ಆ ಮ್ಯುಟೇಶನ್ ತರುತ್ತದೆಯೆ? ಇಲ್ಲ. ಸುಮಾರು 300 ಜನರ ನಿರೋಗಿ ಶ್ವಾಸಕೋಶದ ತುಣುಕುಗಳನ್ನು ಪರೀಕ್ಷಿಸಿದಾಗ ಶೇ. 18ರಷ್ಟರಲ್ಲಿ ಆ ಜೀನ್‌ನ ಮ್ಯುಟೇಶನ್ ಆಗಲೇ ಇತ್ತು. ದೂಳು ಒಳಹೋದಾಗ ರಕ್ಷಕ ಕೋಶಗಳು ಕೆರಳಿ ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಉರಿಯೂತದ ಸಂಕೇತವನ್ನು ಸುರಿಸುತ್ತವೆ, ಆ ಸಂಕೇತದಿಂದ ಮ್ಯುಟೇಶನ್ ಹೊತ್ತ ಕೋಶಗಳು ಚುರುಕಾಗುತ್ತವೆ. ಇಲಿಗಳಲ್ಲಿ ಆ ಸಂಕೇತವನ್ನು ತಡೆದಾಗ ಗಡ್ಡೆಗಳು ಕಡಿಮೆಯಾದವು. ಇದೇ ಸಂಕೇತವನ್ನು ತಡೆಯುವ ಔಷಧಿಯನ್ನು ಹೃದಯದ ಕಾಯಿಲೆಗೆಂದು ಹತ್ತು ಸಾವಿರ ಜನರ ಮೇಲೆ ಪರೀಕ್ಷಿಸಿದ್ದಾಗ ಅವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಕಂಡದ್ದು 2017ರಲ್ಲೇ ವರದಿಯಾಗಿತ್ತು. ಆದರೆ ಅದೇ ಔಷಧಿಯನ್ನು ಕ್ಯಾನ್ಸರ್ ಬೆಳೆದುನಿಂತ ಮೇಲೆ ಕೊಟ್ಟು ನೋಡಿದ ಪ್ರಯೋಗಗಳು ಕೈಕೊಟ್ಟವು. ಇದನ್ನು ಸೋಲೆಂದಷ್ಟೇ ಓದುವುದು ಸರಿಯಲ್ಲ. ಕೆರಳಿದ ಅಂಗಾಂಶ ಕ್ಯಾನ್ಸರಿಗೆ ಬಾಗಿಲು ತೆರೆಯುವ ಹೊತ್ತು ಬೇರೆ, ಒಳಬಂದು ನೆಲೆಯಾದ ಮೇಲಿನ ಹೊತ್ತು ಬೇರೆ.

ಹಾಗಾದರೆ ಮ್ಯುಟೇಶನ್ ಸಿದ್ಧಾಂತವನ್ನೇ ಬಿಟ್ಟುಬಿಡಬಹುದಲ್ಲ ಎಂದು ಕೆಲವರು ಹೇಳುತ್ತಾರೆ. ಕ್ಯಾನ್ಸರ್ ಜೀನ್‌ಗಳ ರೋಗವೇ ಅಲ್ಲ, ಸಕ್ಕರೆ ಬಿಟ್ಟರೆ, ರಕ್ತದ ಆಮ್ಲೀಯತೆ ತೆಗೆದರೆ ವಾಸಿಯಾಗುತ್ತದೆ ಎಂಬ ವಿಡಿಯೊಗಳಿಗೆ ಕನ್ನಡದಲ್ಲೂ ಬರವಿಲ್ಲ. ಇಮ್ಯಾಟಿನಿಬ್ ಒಂದೇ ಸಾಕು ಅದಕ್ಕೆ ಉತ್ತರ ಹೇಳಲು: ಒಂದು ಮ್ಯುಟೇಶನ್ನಿನ ಫಲವನ್ನು ತಡೆದರೆ ರೋಗ ಇಳಿಯುತ್ತದೆ, ಆ ಕಿಣ್ವದಲ್ಲಿ ಇನ್ನೊಂದು ಮ್ಯುಟೇಶನ್ ಆಗಿ ಮಾತ್ರೆ ಹಿಡಿಯದಂತಾದರೆ ರೋಗ ಮರಳುತ್ತದೆ. ಅಂಗಾಂಶದ ಸ್ಥಿತಿ ಮುಖ್ಯ ಎಂದರೆ ಮ್ಯುಟೇಶನ್ ಅಮುಖ್ಯ ಎಂದಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು. ತಪ್ಪುಗಳು ತಾವಾಗಿಯೇ ಆಗುತ್ತವೆ ಎಂದಮೇಲೆ ಎಲ್ಲ ಹಣೆಬರಹವಲ್ಲವೆ? 2015ರಲ್ಲಿ ಕ್ರಿಸ್ಟಿಯನ್ ಟೊಮಸೆಟ್ಟಿ ಮತ್ತು ಬರ್ಟ್ ವೋಗಲ್‌ಸ್ಟೈನ್ ಪ್ರಕಟಿಸಿದ ಲೆಕ್ಕ ಈ ಭಾವನೆಗೆ ಬಲ ಕೊಟ್ಟಿತು. ಕ್ಯಾನ್ಸರಿನಲ್ಲಿ ಮೂರನೇ ಎರಡು ಪಾಲು ದುರದೃಷ್ಟ ಎಂದು ಪತ್ರಿಕೆಗಳು ಬರೆದವು. ಅವರು ಹೇಳಿದ್ದು ಅದಲ್ಲ. ದೊಡ್ಡ ಕರುಳಿಗೆ ಕ್ಯಾನ್ಸರ್ ಹೆಚ್ಚು, ಸಣ್ಣ ಕರುಳಿಗೆ ಕಡಿಮೆ ಏಕೆ ಎಂಬಂಥ ಅಂಗ-ಅಂಗದ ನಡುವಿನ ವ್ಯತ್ಯಾಸದಲ್ಲಿ ಸುಮಾರು ಮೂರನೇ ಎರಡು ಪಾಲನ್ನು ಆಯಾ ಅಂಗದ ಕಾಂಡಕೋಶಗಳು ಎಷ್ಟು ಸಲ ವಿಭಜಿಸುತ್ತವೆ ಎಂಬುದರಿಂದ ವಿವರಿಸಬಹುದು ಎಂದಷ್ಟೇ ಅವರ ಮಾತು. ಒಬ್ಬ ಮನುಷ್ಯನಿಗೂ ಇನ್ನೊಬ್ಬನಿಗೂ, ಒಂದು ದೇಶಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸದ ಬಗ್ಗೆ ಆ ಲೆಕ್ಕ ಏನನ್ನೂ ಹೇಳುವುದಿಲ್ಲ. ಬಾಯಿಯ ಒಳಪದರ ಎಲ್ಲ ದೇಶದವರಿಗೂ ಒಂದೇ ಬಗೆಯದು. ಆದರೂ ಭಾರತದ ಗಂಡಸರಲ್ಲಿ ಮೊದಲ ಸ್ಥಾನ ಬಾಯಿಯ ಕ್ಯಾನ್ಸರಿಗೆ. ಯುರೋಪು ಅಮೆರಿಕಗಳಲ್ಲಿ ಅದು ಎಲ್ಲೋ ಕೆಳಗಿದೆ. ಜಪಾನಿನಿಂದ ಹವಾಯಿಗೆ ವಲಸೆ ಹೋದವರ ಸಂತತಿಯಲ್ಲಿ ಹೊಟ್ಟೆಯ ಕ್ಯಾನ್ಸರ್ ಇಳಿದು ಕರುಳಿನದು ಏರಿತು. ಜೀನ್‌ಗಳು ಅವೇ, ಬದಲಾದದ್ದು ಬದುಕು.

ಬಾಯಿಯ ಕ್ಯಾನ್ಸರಿನ ಮಾತು ಬಂದ ಮೇಲೆ ಕರ್ನಾಟಕದಲ್ಲಿ ಅಷ್ಟಾಗಿ ಕೇಳಲಿಷ್ಟವಿಲ್ಲದ ಇನ್ನೊಂದು ಮಾತನ್ನು ತಪ್ಪಿಸುವಂತಿಲ್ಲ. ತಂಬಾಕು ಡಿಎನ್‌ಎಗೆ ನೇರವಾಗಿ ಹಾನಿ ಮಾಡುತ್ತದೆ ಎಂಬುದರಲ್ಲಿ ಈಗ ವಿವಾದವಿಲ್ಲ. ದಿನಕ್ಕೊಂದು ಪ್ಯಾಕು ಸಿಗರೇಟು ಸೇದುವವರ ಶ್ವಾಸಕೋಶದ ಒಂದೊಂದು ಕೋಶಕ್ಕೂ ವರ್ಷಕ್ಕೆ ಸುಮಾರು 150 ಹೆಚ್ಚಿನ ಮ್ಯುಟೇಶನ್ ಬೀಳುತ್ತವೆ ಎಂದು 2016ರಲ್ಲಿ ಲೆಕ್ಕಹಾಕಲಾಗಿದೆ. ಅಡಿಕೆಯ ವಿಷಯಕ್ಕೆ ಬಂದಾಗ ದನಿ ತಗ್ಗುತ್ತದೆ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವುದು ನಾವು. ಶಿವಮೊಗ್ಗದಿಂದ ಉತ್ತರ ಕನ್ನಡ, ದಕ್ಷಿಣ ಕನ್ನಡದವರೆಗೆ ಲಕ್ಷಾಂತರ ಕುಟುಂಬಗಳ ಅನ್ನ ಅದು. ತಂಬಾಕು ಬೆರೆತ ಎಲೆಅಡಿಕೆ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲಿ ಹೇಳಿತ್ತು. ಆಗ, ದೋಷವೆಲ್ಲ ತಂಬಾಕಿನದು, ಅಡಿಕೆಯದಲ್ಲ ಎಂದು ವಾದಿಸಲು ಜಾಗವಿತ್ತು. ತಂಬಾಕಿಲ್ಲದ ಎಲೆಅಡಿಕೆಯನ್ನೂ ಅಡಿಕೆಯನ್ನೂ 2004ರಲ್ಲಿ ಅದೇ ಪಟ್ಟಿಗೆ ಸೇರಿಸಿದ ಮೇಲೆ ಆ ಜಾಗ ಉಳಿದಿಲ್ಲ. ಶುಭಕಾರ್ಯದ ತಾಂಬೂಲದಲ್ಲಿ ವರ್ಷಕ್ಕೆ ನಾಲ್ಕು ಸಲ ಹಾಕುವ ಒಂದು ಹೋಳಿಗೂ ಹಗಲಿಡೀ ದವಡೆಯಲ್ಲಿ ಒತ್ತಿಟ್ಟುಕೊಳ್ಳುವ ಪ್ಯಾಕೆಟ್ಟಿಗೂ ವ್ಯತ್ಯಾಸವಿದೆ ಎನ್ನುವುದು ನಿಜ. ಆದರೆ ಅಪಾಯದ ಪ್ರಮಾಣ ಬೇರೆಯಾಯಿತೆಂದು ವಸ್ತುವಿನ ಗುಣ ಬೇರೆಯಾಗುವುದಿಲ್ಲ. ಅಡಿಕೆ ಕೆಲಸ ಮಾಡುವ ಬಗೆಯೂ ಗಮನಿಸುವಂಥದ್ದು. ಅದರ ಅರೆಕೊಲಿನ್ ಎಂಬ ಸತ್ತ್ವ ಬಾಯಿಯ ಒಳಚರ್ಮದಡಿಯಲ್ಲಿ ಕೊಲಾಜೆನ್ ನಾರನ್ನು ತುಂಬಿಸುತ್ತ ಹೋಗುತ್ತದೆ. ಕೆನ್ನೆ ಬಿಗಿದು, ಬೆಳ್ಳಗೆ ಬಿಳಿಚಿಕೊಂಡು, ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಖಾರ ತಗುಲಿದರೆ ಉರಿ. ಮ್ಯುಟೇಶನ್‌ಗಳ ಜೊತೆಗೆ ಅಂಗಾಂಶದ ಸ್ಥಿತಿಯೂ ವರ್ಷಗಟ್ಟಲೆ ಕೆಡುತ್ತ ಹೋಗುತ್ತದೆ ಎಂಬುದಕ್ಕೆ ಇಷ್ಟು ಕಣ್ಣಿಗೆ ಕಾಣುವ ಉದಾಹರಣೆ ಬೇರೆ ಸಿಗುವುದು ಕಷ್ಟ.

ನಮ್ಮಜ್ಜ ಎಂಬತ್ತೈದರ ತನಕ ಬೀಡಿ ಸೇದಿದ, ಅವನಿಗೇನಾಯಿತು ಎಂಬ ಮಾತು ಪ್ರತಿ ಊರಿನಲ್ಲೂ ಕೇಳುತ್ತದೆ. ಅಜ್ಜನ ಶ್ವಾಸಕೋಶದಲ್ಲಿ ಮ್ಯುಟೇಶನ್ ಇರಲಿಲ್ಲವೆಂದಲ್ಲ, ಬೇಕಾದಷ್ಟಿದ್ದಿರಬೇಕು. ಅವುಗಳಲ್ಲಿ ಒಂದೇ ಕೋಶದಲ್ಲಿ ಸಾಕಷ್ಟು ಕೂಡಿ, ಆ ಕೋಶ ಗೆದ್ದು ಹರಡಲಿಲ್ಲ. ಹಲವು ಹೆಜ್ಜೆಯ ರೋಗದಲ್ಲಿ ಇಂಥವರು ಇದ್ದೇ ಇರಬೇಕು. ಇಲ್ಲದಿದ್ದರೆ ಸಿದ್ಧಾಂತವೇ ತಪ್ಪಾಗುತ್ತಿತ್ತು. ಇದೇ ಲೆಕ್ಕದ ಇನ್ನೊಂದು ಮಗ್ಗುಲು, ಯಾವ ಚಟವೂ ಇಲ್ಲದವರಿಗೆ ಕ್ಯಾನ್ಸರ್ ಬರುವುದು. ಅವರನ್ನು ಕೂರಿಸಿಕೊಂಡು ಏನು ತಿಂದೆ, ಏನು ಯೋಚಿಸಿದೆ, ಯಾವ ಪಾಪ ಮಾಡಿದ್ದೆ ಎಂದು ವಿಚಾರಿಸುವವರಿಗೆ ಈ ವಿಜ್ಞಾನದಲ್ಲಿ ಯಾವ ಆಧಾರವೂ ಇಲ್ಲ. ಬಿಆರ್‌ಸಿಎಯಂಥ ಜೀನ್‌ಗಳ ದೋಷ ಮನೆತನದಲ್ಲಿ ಹರಿದುಬರುವುದು ಒಟ್ಟು ಕ್ಯಾನ್ಸರ್‌ಗಳಲ್ಲಿ ಶೇ. 5ರಿಂದ 10ರಷ್ಟರಲ್ಲಿ ಮಾತ್ರ. ಅಂಥ ಮನೆತನದವರಿಗೆ ಜೀನ್ ಪರೀಕ್ಷೆ ನಿಜಕ್ಕೂ ಉಪಯೋಗದ್ದು; ಉಳಿದವರಿಗೆ ಎಂಜಲು ಕಳಿಸಿ ಭವಿಷ್ಯ ತಿಳಿಯಿರಿ ಎಂದು ಮಾರುವ ಪರೀಕ್ಷೆಗಳು ಹೇಳುವುದು ಬಹಳ ಕಡಿಮೆ.

ಇಷ್ಟು ವರ್ಷ ಜಗಿದಾಯಿತು, ಸೇದಿದಾಯಿತು, ಆಗಬೇಕಾದ್ದು ಒಳಗೆ ಆಗಿಹೋಗಿದೆ, ಈಗ ಬಿಟ್ಟು ಏನು ಪ್ರಯೋಜನ ಎಂದು ಕೇಳುವವರ ತರ್ಕ, ಮ್ಯುಟೇಶನ್ ಒಂದನ್ನೇ ನಂಬಿದರೆ ಸರಿಯೇ. ಬಿದ್ದ ಮ್ಯುಟೇಶನ್ ಹೋಗುವುದಿಲ್ಲ. ಆದರೆ ಗೆಲುವು ಪೈಪೋಟಿಯಲ್ಲಿ ನಿರ್ಧಾರವಾಗುವುದಾದರೆ ತರ್ಕ ತಲೆಕೆಳಗಾಗುತ್ತದೆ. 2020ರಲ್ಲಿ ಧೂಮಪಾನ ಬಿಟ್ಟವರ ಶ್ವಾಸನಾಳದ ಕೋಶಗಳನ್ನು ಒಂದೊಂದಾಗಿ ಓದಿದಾಗ, ಮ್ಯುಟೇಶನ್ ಹೊರೆ ಸೇದದವರಷ್ಟೇ ಇರುವ ಕೋಶಗಳು ಈಗಲೂ ಸೇದುವವರಿಗಿಂತ ನಾಲ್ಕು ಪಟ್ಟು ಹೆಚ್ಚಾಗಿದ್ದವು. ಎಲ್ಲೋ ಮರೆಯಲ್ಲಿ ಉಳಿದಿದ್ದ ನಿರೋಗಿ ಕೋಶಗಳು ಹೊಗೆ ನಿಂತ ಮೇಲೆ ಹರಡಿಕೊಂಡಿದ್ದವು. ನಮ್ಮ ದೇಶದ ಪುರಾವೆ ಇನ್ನೂ ಹಳೆಯದು. ಕೇರಳದ ಎರ್ನಾಕುಲಂ, ಗುಜರಾತಿನ ಭಾವನಗರ, ಆಂಧ್ರದ ಶ್ರೀಕಾಕುಳಂ ಜಿಲ್ಲೆಗಳ ಹಳ್ಳಿಗಳಲ್ಲಿ ತಂಬಾಕು ಬಳಸುವ 36,000 ಜನರಿಗೆ ಅದನ್ನು ಬಿಡಲು ತಿಳಿಹೇಳಿ, ವರ್ಷಗಟ್ಟಲೆ ಅವರ ಬಾಯಿ ಪರೀಕ್ಷಿಸಿದ ಅಧ್ಯಯನದ ವರದಿ 1986ರಲ್ಲೇ ಬಂದಿತ್ತು: ಬಿಟ್ಟವರಲ್ಲಿ, ಕ್ಯಾನ್ಸರಿಗೆ ಮೊದಲು ಬರುವ ಬಿಳಿ ಮಚ್ಚೆಗಳು ಕಡಿಮೆಯಾದವು. ತಿರುವನಂತಪುರದಲ್ಲಿ 1996ರಿಂದ ಸುಮಾರು 1.9 ಲಕ್ಷ ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರ ಮನೆಗಳಿಗೆ ತರಬೇತಿ ಪಡೆದ ಕಾರ್ಯಕರ್ತರು ಹೋಗಿ ಬಾಯಿ ತೆರೆಸಿ ನೋಡಿದರು. ವೈದ್ಯರಲ್ಲ, ದುಬಾರಿ ಯಂತ್ರವಿಲ್ಲ. ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿಯ ಕ್ಯಾನ್ಸರಿನಿಂದ ಸಾಯುವವರ ಪ್ರಮಾಣ ಮೂರನೇ ಒಂದು ಪಾಲಿನಷ್ಟು ತಗ್ಗಿತೆಂದು 2005ರಲ್ಲಿ ಪ್ರಕಟವಾಯಿತು. ಅದೇ ಪರೀಕ್ಷೆ ಈಗ ಸರ್ಕಾರದ ಕಾರ್ಯಕ್ರಮದಲ್ಲಿ, 30 ದಾಟಿದ ಎಲ್ಲರಿಗೂ, ಊರಿನ ಆರೋಗ್ಯ ಕೇಂದ್ರದಲ್ಲಿ ಬಿಟ್ಟಿಯಾಗಿ ಸಿಗಬೇಕಾದದ್ದು. ಅಡಿಕೆಯಿಂದ ಬಿಗಿದ ಬಾಯಿ ಅಡಿಕೆ ಬಿಟ್ಟ ಮಾತ್ರಕ್ಕೆ ಮೊದಲಿನಂತೆ ತೆರೆದುಕೊಳ್ಳುವುದಿಲ್ಲ, ಆ ನಾರು ಕರಗುವುದಿಲ್ಲ; ಅದರ ಮೇಲಿನ ತೆಳು ಪದರದಲ್ಲಿ ಯಾವ ಕೋಶದ ವಂಶ ಮುಂದುವರಿಯಬೇಕೆಂಬುದು ಮಾತ್ರ ಇನ್ನೂ ತೀರ್ಮಾನವಾಗಿರುವುದಿಲ್ಲ.